ಯಾವ ಗಡಿಯಾರದ ಪ್ರಕಾರ ಸಾರ್?

ನಮ್ಮ ನ್ಯಾಮತಿಯಲ್ಲಿ ಹನ್ನೆರಡು ಗಂಟೆಗೆ ಸರಿಯಾಗಿ ನಡುಹಗಲು ಆಗುವುದಿಲ್ಲ. ತಮಾಷೆಗೆ ಹೇಳ್ತಿಲ್ಲ. ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ಅದರ ನೆರಳು ನೋಡುತ್ತಾ ಕೂತರೆ ನಿಮಗೇ ಗೊತ್ತಾಗುತ್ತದೆ. ನೆರಳು ತೀರಾ ಗಿಡ್ಡವಾಗುವ ಹೊತ್ತೇ ನಿಜವಾದ ನಡುಹಗಲು. ಆಗ ಮೊಬೈಲ್ ತೆಗೆದು ನೋಡಿದರೆ ಹೆಚ್ಚುಕಡಿಮೆ 12.28 ಇರುತ್ತದೆ. ಫೆಬ್ರವರಿ ಮಧ್ಯದಲ್ಲಾದರೆ 12.42, ನವೆಂಬರ್ ಮೊದಲ ವಾರದಲ್ಲಾದರೆ 12.11. ವರ್ಷದ ಯಾವ ದಿನವೂ 12.00ಕ್ಕೆ ಸರಿಯಾಗಿ ಸೂರ್ಯ ನೆತ್ತಿಗೆ ಬರುವುದಿಲ್ಲ.

ಸೂರ್ಯನದೇನೂ ತಪ್ಪಿಲ್ಲ. ನಮ್ಮ ಕೈಗಡಿಯಾರ ತೋರಿಸುವ ಸಮಯ ನಮ್ಮೂರಿನದ್ದಲ್ಲ, ಅಷ್ಟೇ. ಅದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ. ನ್ಯಾಮತಿ ಇರುವುದು ಸುಮಾರು 75.6 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹತ್ತಿರ ಹತ್ತಿರ ಏಳು ಡಿಗ್ರಿಗೆ 28 ನಿಮಿಷ. ಹಿರಿಯರ ಲೆಕ್ಕದಲ್ಲಿ 24 ನಿಮಿಷಕ್ಕೆ ಒಂದು ಗಳಿಗೆ. ಅಂದರೆ ನಮ್ಮೂರಿನ ಸೂರ್ಯ ಸರ್ಕಾರಿ ಗಡಿಯಾರಕ್ಕಿಂತ ಒಂದು ಗಳಿಗೆಗೂ ಸ್ವಲ್ಪ ಹೆಚ್ಚೇ ಹಿಂದೆ ನಡೆಯುತ್ತಾನೆ.

ಹಾಗಾದರೆ ಮಿರ್ಜಾಪುರದ ಹನ್ನೆರಡು ಗಂಟೆಯನ್ನು ನ್ಯಾಮತಿಯ ಹನ್ನೆರಡು ಗಂಟೆ ಅಂತ ಹೇಳಿದವರು ಯಾರು? ಈಗ ಸಮಯ ಹೇಳುವ ಅಧಿಕಾರ ಯಾರ ಕೈಯಲ್ಲಿದೆ? ಪುಸ್ತಕದ ಪ್ರಶ್ನೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತಿತ್ತು, ಒಂದು ಪರೀಕ್ಷಾ ಕೇಂದ್ರದ ಗೇಟಿನ ಮುಂದೆ ನಿಲ್ಲುವವರೆಗೆ. ಅದಕ್ಕೆ ಆಮೇಲೆ ಬರ್ತೀನಿ.

ಕ್ಯಾಲೆಂಡರಿನ ರಾಹುಕಾಲ

ಮೊದಲು ಎಲ್ಲರ ಮನೆಯಲ್ಲೂ ಇರುವ ಒಂದು ಉದಾಹರಣೆ. ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರದ ರಾಹುಕಾಲ 7.30ರಿಂದ 9.00 ಅಂತ ಅಚ್ಚಾಗಿರುತ್ತದೆ. ಹೊಸ ಗಾಡಿ ತರುವವರು, ಅಂಗಡಿ ಪೂಜೆ ಇಟ್ಟುಕೊಂಡವರು, ಆಫರ್ ಲೆಟರ್‌ಗೆ ಸಹಿ ಹಾಕುವ ಐಟಿ ಹುಡುಗರೂ ಅದನ್ನು ಒಂದು ಸಲ ಕಣ್ಣಾಡಿಸಿ ಮುಂದಕ್ಕೆ ಹೋಗುತ್ತಾರೆ.

ಆದರೆ ರಾಹುಕಾಲದ ಮೂಲ ಲೆಕ್ಕದಲ್ಲಿ 7.30 ಅನ್ನುವುದೇ ಇಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಭಾಗ ಮಾಡಬೇಕು, ಸೋಮವಾರ ಅದರಲ್ಲಿ ಎರಡನೆಯ ಭಾಗ ರಾಹುವಿನದು. ಬೆಳಗ್ಗೆ 6ಕ್ಕೆ ಸೂರ್ಯ ಹುಟ್ಟಿ ಸಂಜೆ 6ಕ್ಕೆ ಮುಳುಗಿದರೆ ಮಾತ್ರ ಅದು 7.30ರಿಂದ 9.00 ಆಗುತ್ತದೆ. ಜನವರಿ ಮಧ್ಯದಲ್ಲಿ, ಸಂಕ್ರಾಂತಿಯ ಆಸುಪಾಸಿನಲ್ಲಿ, ನ್ಯಾಮತಿಯಲ್ಲಿ ಸೂರ್ಯ ಹುಟ್ಟುವುದೇ ಸುಮಾರು 6.56ಕ್ಕೆ, ಮುಳುಗುವುದು 6.18ಕ್ಕೆ. ಲೆಕ್ಕ ಹಾಕಿ ನೋಡಿ: ಆಗ ಸೋಮವಾರದ ರಾಹುಕಾಲ 8.21ರಿಂದ 9.46ರವರೆಗೆ ಬರುತ್ತದೆ. ಕ್ಯಾಲೆಂಡರ್ ನೋಡಿಕೊಂಡು "ಅಬ್ಬಾ, ಮುಗೀತು" ಅಂತ 9.05ಕ್ಕೆ ಗಾಡಿ ಸ್ಟಾರ್ಟ್ ಮಾಡಿದವರು ಸರಿಯಾಗಿ ರಾಹುವಿನ ನಡುವೆಯೇ ಹೊರಟಿರುತ್ತಾರೆ! ಅವರಿಗೇನೂ ಆಗಿರುವುದಿಲ್ಲ, ಅದು ಬೇರೆ ಮಾತು.

ರಾಹುವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನಾನು ಹೇಳಲು ಹೊರಟಿದ್ದು ಇಷ್ಟೇ: ನಮ್ಮ ಹಳೆಯ ಕಾಲಗಣನೆ ಪೂರ್ತಿ ಊರೂರಿನದ್ದು. ಸೂರ್ಯೋದಯದಿಂದ ಎಣಿಕೆ ಶುರು, ಸೂರ್ಯೋದಯ ಒಂದೊಂದು ಊರಿಗೆ ಒಂದೊಂದು. ಅದಕ್ಕೇ ಒಳ್ಳೆಯ ಪಂಚಾಂಗಗಳು ಯಾವ ಊರಿಗೆ ಗಣಿಸಿದ್ದು ಅಂತ ಹೇಳುತ್ತವೆ, ಬೇರೆ ಊರಿನವರು ಎಷ್ಟು ಕೂಡಬೇಕು, ಎಷ್ಟು ಕಳೆಯಬೇಕು ಅನ್ನುವುದು ಶಾಸ್ತ್ರಿಗಳಿಗೆ ಗೊತ್ತಿರುತ್ತದೆ. ಮುಹೂರ್ತ ನೋಡಲು ಗಳಿಗೆ ಬಟ್ಟಲು ಇಡುತ್ತಿದ್ದ ಕಾಲದಲ್ಲಿ ಅದೂ ಬೇಕಿರಲಿಲ್ಲ. ತಳದಲ್ಲಿ ಸಣ್ಣ ತೂತಿರುವ ಲೋಹದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ನೀರು ತುಂಬಿ ಅದು ಮುಳುಗಿದರೆ ಒಂದು ಗಳಿಗೆ. ಮದುವೆಗೆ ಬಂದವರೆಲ್ಲ ಆ ಬಟ್ಟಲನ್ನು ಕಣ್ಣಾರೆ ನೋಡಬಹುದಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರೈಲು ತಂದ ಸಮಯ

ಊರೂರಿನ ಸಮಯಕ್ಕೆ ಮೊದಲ ಪೆಟ್ಟು ಕೊಟ್ಟದ್ದು ರೈಲು. ಪ್ರತಿ ನಿಲ್ದಾಣಕ್ಕೂ ಅದರದೇ ಸಮಯ ಇದ್ದರೆ ವೇಳಾಪಟ್ಟಿ ಬರೆಯುವುದು ಹೇಗೆ? ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಕಟ್ಟಿಸಿದ ವೀಕ್ಷಣಾಲಯವೊಂದಿತ್ತು. ಅಲ್ಲಿನ ಖಗೋಳಜ್ಞ ಜಾನ್ ಗೋಲ್ಡಿಂಗ್‌ಹ್ಯಾಮ್ 1802ರಲ್ಲಿ ಮದರಾಸಿನ ಸಮಯ ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ 14 ಸೆಕೆಂಡ್ ಮುಂದೆ ಅಂತ ಗೊತ್ತುಮಾಡಿದ್ದರು. ಮುಂದೆ ದೇಶದ ರೈಲುಗಳೆಲ್ಲ ಆ ಮದರಾಸು ಸಮಯವನ್ನೇ ಹಿಡಿದವು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬೀರೂರಿನಿಂದ ಶಿವಮೊಗ್ಗಕ್ಕೆ ಹಳಿ ಬಂದಾಗ ಅದರ ಜೊತೆ ನಮ್ಮ ಸೀಮೆಗೆ ಬಂದದ್ದೂ ಅದೇ ಗಡಿಯಾರ. ನಮ್ಮ ಸೂರ್ಯನಿಗಿಂತ ಅದು 19 ನಿಮಿಷ ಮುಂದೆ.

ಆಮೇಲೆ 1906ರ ಜನವರಿ 1ರಿಂದ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಕಾಲಮಾನ ಜಾರಿಗೆ ಬಂತು. ಜನ ಅದನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಮುಂಬೈಯ ಸ್ಥಳೀಯ ಸಮಯಕ್ಕಿಂತ ಹೊಸ ಸಮಯ 39 ನಿಮಿಷ ಮುಂದಿತ್ತು. ಗಿರಣಿಯ ಸೈರನ್ ಹೊಸ ಸಮಯಕ್ಕೆ ಕೂಗಿದರೆ ಕಾರ್ಮಿಕರು 39 ನಿಮಿಷ ಮೊದಲೇ, ಇನ್ನೂ ಕತ್ತಲಿರುವಾಗಲೇ ಏಳಬೇಕು. ಅದೇ ತಿಂಗಳು ಅಲ್ಲಿನ ಹತ್ತಿ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿ ಗಿರಣಿಯ ಮೇಲೆ ಕಲ್ಲು ತೂರಿದರು. ಮುಂಬೈ ತನ್ನ ಹಳೆಯ ಸಮಯವನ್ನು ಪೂರ್ತಿ ಬಿಟ್ಟದ್ದು 1955ರಲ್ಲಿ, ಕೋಲ್ಕತ್ತ 1948ರಲ್ಲಿ. ನಡುವೆ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ಮಧ್ಯದವರೆಗೆ, ಸರ್ಕಾರ ಇಡೀ ದೇಶದ ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದಕ್ಕೆ ತಿರುಗಿಸಿತ್ತು. ಆ ಮೂರು ವರ್ಷ ನ್ಯಾಮತಿಯ ನಡುಹಗಲು 1.28ಕ್ಕೆ!

ನಮ್ಮೂರಿನವರಿಗೆ ಇಂಥ ಆಜ್ಞೆಗಳು ಹೊಸವೇನಲ್ಲ. ಶಿವಮೊಗ್ಗ ಜಿಲ್ಲೆಯವರಾಗಿದ್ದ ನಾವು 1997ರಲ್ಲಿ ದಾವಣಗೆರೆ ಜಿಲ್ಲೆಯವರಾದೆವು. ಹೊನ್ನಾಳಿ ತಾಲ್ಲೂಕಿನವರಾಗಿದ್ದವರು ಆಮೇಲೆ ನ್ಯಾಮತಿ ತಾಲ್ಲೂಕಿನವರೇ ಆದೆವು. ಹೊಲ ಕದಲಲಿಲ್ಲ, ಕೆರೆ ಕದಲಲಿಲ್ಲ, ಕಾಗದದ ಮೇಲಿನ ವಿಳಾಸ ಬದಲಾಯಿತು. ಸಮಯವೂ ಹಾಗೆಯೇ, ಯಾರೋ ಎಲ್ಲೋ ಒಂದು ಗೆರೆ ಎಳೆದರು.

ಗೆರೆ ಎಳೆದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಕೂತು ಗುವಾಹಟಿಯ ಟೀಮಿನ ಜೊತೆ ಬೆಳಗ್ಗೆ ಹತ್ತಕ್ಕೆ ಮೀಟಿಂಗ್ ಮಾಡುವ ನಮಗೆ ಒಂದೇ ಸಮಯ ಇರುವುದರ ಸುಖ ಗೊತ್ತು. ನನ್ನ ತಕರಾರು ಬೇರೆ. ಗೆರೆ ಎಲ್ಲರಿಗೂ ಒಂದೇ ಅಂತ ಹೇಳಿದ ಮೇಲೆ ಅದು ನಿಜವಾಗಿಯೂ ಎಲ್ಲರಿಗೂ ಒಂದೇ ಆಗಿರಬೇಕು.

ಗೇಟಿನ ಗಡಿಯಾರ

ಎರಡು ವರ್ಷದ ಹಿಂದಿನ ಮಾತು. ನನ್ನ ಚಿಕ್ಕಪ್ಪನ ಮಗಳಿಗೆ ಒಂದು ನೇಮಕಾತಿ ಪರೀಕ್ಷೆ ಇತ್ತು. ವಯಸ್ಸಿನ ಮಿತಿಯ ಪ್ರಕಾರ ಅವಳಿಗೆ ಅದೇ ಕೊನೆಯ ಅವಕಾಶ. ಕೇಂದ್ರ ಬೇರೆ ಊರಿನಲ್ಲಿ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಫೋನ್ ಮಾಡಿದಳು, ನಾನು ಬೈಕ್ ತಗೊಂಡು ಹೋಗಿ ಅವಳನ್ನು ಕೂರಿಸಿಕೊಂಡು ಹೊರಟೆ. 9.30ಕ್ಕೆ ಗೇಟ್ ಮುಚ್ಚುತ್ತದೆ ಅಂತ ಪ್ರವೇಶ ಪತ್ರದಲ್ಲಿತ್ತು. ಗೇಟಿನ ಹತ್ತಿರ ಬಂದಾಗ ಅವಳ ಫೋನಿನಲ್ಲಿ 9.28, ನನ್ನ ಫೋನಿನಲ್ಲೂ 9.28. ಗೇಟ್ ಮುಚ್ಚಿತ್ತು. ಹೊರಗೆ ಆಗಲೇ ನಾಲ್ಕೈದು ಜನ ನಿಂತಿದ್ದರು.

"ಅಣ್ಣಾ, ಇನ್ನೂ ಎರಡು ನಿಮಿಷ ಐತೆ, ಫೋನ್ ನೋಡಿ ಬೇಕಾದ್ರೆ" ಅಂದಳು.

"ಆಗೋತಮ್ಮಾ, ಟೈಮ್ ಆಗೋತು. ಒಳಗಿನ ಗಡಿಯಾರದಾಗೆ 9.32 ಆಗೈತೆ. ನಿಮ್ಮ ಫೋನಿಂದು ಇಲ್ಲಿ ನಡೆಯಲ್ಲ" ಅಂದರು ಗೇಟಿನವರು. ಅವರದು ಕೆಟ್ಟ ಮನಸ್ಸಲ್ಲ. ಅವರಿಗೆ ಹೇಳಿದ್ದು ಆ ಗಡಿಯಾರ ನೋಡಿ ಮುಚ್ಚಬೇಕು ಅಂತ, ಅವರು ಮುಚ್ಚಿದ್ದರು. ಆ ಗಡಿಯಾರ ಇದ್ದದ್ದು ಒಳಗಿನ ಕೋಣೆಯ ಗೋಡೆಯ ಮೇಲೆ. ಹೊರಗೆ ನಿಂತವರಿಗೆ ಅದು ಕಾಣುತ್ತಲೂ ಇರಲಿಲ್ಲ.

ಆಮೇಲೆ ಪತ್ರ ಬರೆದೆವು. "ಕೇಂದ್ರದ ಗಡಿಯಾರದ ಪ್ರಕಾರ ನಿಗದಿತ ಸಮಯಕ್ಕೆ ಗೇಟ್ ಮುಚ್ಚಲಾಗಿದೆ" ಅಂತ ಒಂದು ಸಾಲಿನ ಉತ್ತರ ಬಂತು. ಅಲ್ಲಿಗೆ ಮುಗೀತು. ಅವಳು ಈಗ ಖಾಸಗಿ ಕೆಲಸದಲ್ಲಿದ್ದಾಳೆ, ಚೆನ್ನಾಗಿಯೇ ಇದ್ದಾಳೆ. ಆದರೆ ಆ ನಾಲ್ಕು ನಿಮಿಷ ಎಲ್ಲಿ ಹೋಯಿತು ಅನ್ನುವ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಉತ್ತರ ತೀರಾ ಸರಳ ಇರಬಹುದು. ಗೋಡೆಯ ಮೇಲಿನ ಸಾಮಾನ್ಯ ಕ್ವಾರ್ಟ್ಜ್ ಗಡಿಯಾರ ತಿಂಗಳಿಗೆ 15-20 ಸೆಕೆಂಡ್ ಆಚೀಚೆ ಆಗುವುದು ಮಾಮೂಲಿ. ವರ್ಷಗಟ್ಟಲೆ ಯಾರೂ ಮುಟ್ಟದಿದ್ದರೆ ಮೂರು ನಾಲ್ಕು ನಿಮಿಷ ಸುಲಭವಾಗಿ ಓಡಿರುತ್ತದೆ. ಅದರ ಮೇಲೆ "ಐದು ನಿಮಿಷ ಮುಂದೆ ಇಟ್ಟಿರ್ತೀವಿ" ಅನ್ನುವ ನಮ್ಮ ಮನೆಮನೆಯ ಅಭ್ಯಾಸ ಬೇರೆ. ಮನೆಯಲ್ಲಿ ಅದು ಬಸ್ ತಪ್ಪಿಸಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಗೇಟಿನಲ್ಲಿ ಅದೇ ಐದು ನಿಮಿಷ ಒಬ್ಬರ ನೌಕರಿ ತೆಗೆಯುತ್ತದೆ.

ತಕ್ಕಡಿಗೊಂದು ನ್ಯಾಯ, ಗಡಿಯಾರಕ್ಕೊಂದು?

ಈಗ ನಮ್ಮ ಕಡೆಯ ವ್ಯಾಪಾರ ನೋಡಿ. ಅಡಿಕೆ, ಮೆಕ್ಕೆಜೋಳ ತೂಗುವ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಕಾಲಕಾಲಕ್ಕೆ ಮತ್ತೆ ತಪಾಸಣೆ ಆಗಬೇಕು. ಪೆಟ್ರೋಲ್ ಬಂಕಿನಲ್ಲಿ ಅನುಮಾನ ಬಂದರೆ ಐದು ಲೀಟರ್ ಅಳತೆಯ ಪಾತ್ರೆ ತರಿಸಿ ಅಳೆಯಿರಿ ಅಂತ ಕೇಳುವ ಹಕ್ಕು ನಮಗಿದೆ. ಆಟೋ ಮೀಟರಿಗೂ ಮುದ್ರೆ ಉಂಟು. ಕೆಜಿ ಅಂದರೆ ಎಷ್ಟು ಅನ್ನುವುದನ್ನು ಅಂಗಡಿಯವನು ತೀರ್ಮಾನಿಸುವಂತಿಲ್ಲ.

ಸಮಯವೂ ಒಂದು ಅಳತೆಯೇ. ಅದಕ್ಕೂ ಮೂಲಮಾನ ಇದೆ. ದೇಶದ ಅಳತೆಗಳ ಮೂಲಮಾನ ಕಾಯುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಅಂದರೆ ಎನ್‌ಪಿಎಲ್, ಪರಮಾಣು ಗಡಿಯಾರಗಳ ಮೂಲಕ ಭಾರತೀಯ ಕಾಲಮಾನವನ್ನೂ ಕಾಯುತ್ತದೆ. 1967ರಿಂದ ಸೆಕೆಂಡಿನ ವ್ಯಾಖ್ಯೆ ಸೂರ್ಯನನ್ನು ಬಿಟ್ಟು ಪರಮಾಣುವಿಗೆ ಬಂದಿದೆ. ಸೀಸಿಯಂ-133 ಪರಮಾಣುವಿನಿಂದ ಹೊಮ್ಮುವ ಒಂದು ನಿರ್ದಿಷ್ಟ ವಿಕಿರಣ 919,26,31,770 ಸಲ ಕಂಪಿಸುವಷ್ಟು ಹೊತ್ತು ಒಂದು ಸೆಕೆಂಡ್. ಮಳೆ ಬರಲಿ ಬಿಸಿಲಿರಲಿ, ಅದು ಮಿರ್ಜಾಪುರದಲ್ಲೂ ನ್ಯಾಮತಿಯಲ್ಲೂ ಅಷ್ಟೇ.

ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಮುಂದಿನ ಸಂಗತಿ. ಎನ್‌ಪಿಎಲ್ ಹೇಳಿದ್ದೇ ಕೊನೆಯ ಮಾತಲ್ಲ. ಜಗತ್ತಿನ ಸುಮಾರು 80 ಪ್ರಯೋಗಾಲಯಗಳು ತಮ್ಮಲ್ಲಿರುವ ಒಟ್ಟು ನಾನ್ನೂರಕ್ಕೂ ಹೆಚ್ಚು ಪರಮಾಣು ಗಡಿಯಾರಗಳ ಲೆಕ್ಕವನ್ನು ಪ್ಯಾರಿಸ್ ಬಳಿಯ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆಗೆ ಕಳಿಸುತ್ತವೆ. ಅದೆಲ್ಲದರ ಸರಾಸರಿಯಿಂದ ಜಗತ್ತಿನ ಸಮಯ ಗೊತ್ತಾಗುತ್ತದೆ. ಆಮೇಲೆ ತಿಂಗಳಿಗೊಮ್ಮೆ ಒಂದು ಪತ್ರಿಕೆ ಹೊರಡುತ್ತದೆ, ಅದರ ಹೆಸರು ಸರ್ಕ್ಯುಲರ್ ಟಿ. ಯಾವ ದೇಶದ ಗಡಿಯಾರ ಎಷ್ಟು ನ್ಯಾನೊ ಸೆಕೆಂಡ್ ಮುಂದೆ, ಎಷ್ಟು ಹಿಂದೆ ಅಂತ ಅದರಲ್ಲಿ ಎಲ್ಲರ ಹೆಸರಿನ ಮುಂದೆ ಬರೆದಿರುತ್ತದೆ. ನ್ಯಾನೊ ಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಇಡೀ ದೇಶಕ್ಕೆ ಸಮಯ ಹೇಳುವವರು ತಮ್ಮ ಗಡಿಯಾರ ಅಷ್ಟು ಸಣ್ಣ ಪ್ರಮಾಣದಲ್ಲಿ ಸರಿದದ್ದನ್ನೂ ತಿಂಗಳು ತಿಂಗಳು ಬಹಿರಂಗವಾಗಿ ತೋರಿಸಿಕೊಳ್ಳುತ್ತಾರೆ. ನಾಲ್ಕು ನಿಮಿಷ ತಪ್ಪಿದ ಗೇಟಿನ ಗಡಿಯಾರವನ್ನು ಮಾತ್ರ ಪ್ರಶ್ನಿಸುವಂತಿಲ್ಲ!

ಫೋನಿಗೆ ಸಮಯ ಹೇಳುವವರು

ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಮಯ ತಾನಾಗಿಯೇ ಹೊಂದಿಕೊಳ್ಳುವ ಆಯ್ಕೆ ಇದೆಯಲ್ಲ, ಅದು ಆನ್ ಆಗಿದ್ದರೆ ಮೊಬೈಲ್ ಕಂಪನಿಯ ಜಾಲದಿಂದಲೋ, ಇಂಟರ್ನೆಟ್‌ನಲ್ಲಿರುವ ಸಮಯದ ಸರ್ವರ್‌ನಿಂದಲೋ ಫೋನಿಗೆ ಸಮಯ ಬರುತ್ತದೆ. ಆ ಸರ್ವರ್ ಗೂಗಲ್‌ನದ್ದೋ ಆ್ಯಪಲ್‌ನದ್ದೋ ಆಗಿರಬಹುದು. ಅವುಗಳ ಹಿಂದೆ ಎಷ್ಟೋ ಕಡೆ ಅಮೆರಿಕದ ಜಿಪಿಎಸ್ ಉಪಗ್ರಹಗಳು. ಜಿಪಿಎಸ್ ಅಂದರೆ ದಾರಿ ತೋರಿಸುವುದು ಅಂತಷ್ಟೇ ನಾವು ಅಂದುಕೊಂಡಿದ್ದೇವೆ. ಅದರೊಳಗಿರುವುದು ಪರಮಾಣು ಗಡಿಯಾರ. ಸಮಯ ಸರಿಯಿದ್ದರೆ ಮಾತ್ರ ದಾರಿ ಸರಿ.

ದೇಶದ ಸಮಯಕ್ಕೆ ಹೊರಗಿನ ಮೂಲವನ್ನೇ ನಂಬಿಕೊಂಡಿರುವುದು ಬೇಡ ಅಂತ ಈಚೆಗೆ ಒಂದೊಂದೇ ಹೆಜ್ಜೆ ಇಡಲಾಗುತ್ತಿದೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಸಂಸ್ಥೆ ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಕಚೇರಿಗಳ ಕಂಪ್ಯೂಟರ್ ಗಡಿಯಾರಗಳನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯಕ್ಕೆ ಹೊಂದಿಸಬೇಕು ಅಂತ ನಿರ್ದೇಶನ ಕೊಟ್ಟಿತು. ಐಟಿಯಲ್ಲಿರುವವರಿಗೆ ಇದು ನೆನಪಿರಬಹುದು. ಒಂದು ಸೈಬರ್ ವಂಚನೆ ನಡೆದರೆ ಯಾವ ಸರ್ವರ್‌ನಲ್ಲಿ ಯಾವುದು ಮೊದಲು ನಡೆಯಿತು ಅಂತ ಹೇಳಲು ಎಲ್ಲ ಲಾಗ್‌ಗಳ ಸಮಯವೂ ಒಂದೇ ಆಗಿರಬೇಕಲ್ಲ. ನಮ್ಮದೇ ನಾವಿಕ್ ಉಪಗ್ರಹಗಳಿವೆ. ಅವುಗಳ ಸಮಯ ನೋಡಿಕೊಳ್ಳುವ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಪರಮಾಣು ಗಡಿಯಾರ ಹೋಗಿದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರ ಶುರುವಾದ ನಾಡು ಇದು. ಆ ಕಾರ್ಖಾನೆ ಮುಚ್ಚಿದರೂ ಸಮಯದ ಕೆಲಸ ನಮ್ಮನ್ನು ಬಿಟ್ಟುಹೋಗಿಲ್ಲ.

ನಮ್ಮ ಗೇಟಿನ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟದ್ದು ಇನ್ನೊಂದಿದೆ. ಗ್ರಾಹಕ ವ್ಯವಹಾರಗಳ ಇಲಾಖೆ, ಅಂದರೆ ಕೇಂದ್ರದಲ್ಲಿ ತಕ್ಕಡಿಯ ಕಾನೂನು ನೋಡುವ ಇಲಾಖೆಯೇ, 2025ರ ಜನವರಿಯಲ್ಲಿ ಭಾರತೀಯ ಕಾಲಮಾನದ ಬಗ್ಗೆ ಕರಡು ನಿಯಮ ಹೊರಡಿಸಿ ಫೆಬ್ರವರಿ 14ರವರೆಗೆ ಜನರ ಅಭಿಪ್ರಾಯ ಕೇಳಿತು. ಕಚೇರಿ ಕೆಲಸ, ವ್ಯಾಪಾರ, ಹಣಕಾಸು, ಕಾನೂನು ವ್ಯವಹಾರ ಎಲ್ಲಕ್ಕೂ ಭಾರತೀಯ ಕಾಲಮಾನವನ್ನೇ ಬಳಸಬೇಕು, ಸರ್ಕಾರಿ ಕಚೇರಿಗಳು ಅದನ್ನೇ ತೋರಿಸಬೇಕು ಅನ್ನುವುದು ಅದರ ಸಾರ. ಖಗೋಳ ವಿಜ್ಞಾನ, ನೌಕಾಯಾನ, ಸಂಶೋಧನೆಗೆ ಅನುಮತಿ ಪಡೆದು ವಿನಾಯಿತಿ. ಎನ್‌ಪಿಎಲ್ ಸಮಯವನ್ನು ದೇಶಕ್ಕೆಲ್ಲ ಹಂಚಲು ಐದು ಪ್ರಾದೇಶಿಕ ಪ್ರಯೋಗಾಲಯಗಳನ್ನು ಸಜ್ಜುಗೊಳಿಸುವ ಯೋಜನೆಯೂ ಇದರ ಜೊತೆಗಿದೆ. ಐದರಲ್ಲಿ ಒಂದು ಬೆಂಗಳೂರಿನದು, ಉಳಿದವು ಅಹಮದಾಬಾದ್, ಭುವನೇಶ್ವರ, ಫರೀದಾಬಾದ್, ಗುವಾಹಟಿಯವು.

ಇದನ್ನು ಓದಿ ಕೆಲವರು "ಸಮಯದ ಮೇಲೂ ಸರ್ಕಾರದ ಕಣ್ಣಾ?" ಅಂತ ಮೂಗು ಮುರಿದರು. ನನಗೆ ಹಾಗನ್ನಿಸಲಿಲ್ಲ. ಎರಡು ಗಡಿಯಾರ ಎರಡು ಮಾತು ಹೇಳಿದಾಗ ಗೆಲ್ಲುವುದು ಯಾವಾಗಲೂ ಬಾಗಿಲ ಒಳಗಿರುವವರ ಗಡಿಯಾರ. ಹೊರಗಿರುವವರಿಗೆ ಆಸರೆ ಅಂತ ಇರುವುದು ಇಬ್ಬರಿಗೂ ಸೇರದ, ಇಬ್ಬರೂ ನೋಡಬಹುದಾದ ಮೂರನೆಯ ಗಡಿಯಾರ ಒಂದೇ. ಮದುವೆ ಮನೆಯ ಗಳಿಗೆ ಬಟ್ಟಲಿನಲ್ಲಿ ಇದ್ದ ಗುಣವೂ ಅದೇ. ಗಂಡಿನ ಕಡೆಯವರಿಗೊಂದು, ಹೆಣ್ಣಿನ ಕಡೆಯವರಿಗೊಂದು ಬಟ್ಟಲು ಇರುತ್ತಿರಲಿಲ್ಲ.

ಕೇಳಿದರೆ ತಪ್ಪಿಲ್ಲ

ನಿಯಮ ಗೆಜೆಟ್ಟಿನಲ್ಲಿ ಬಂದ ಮಾತ್ರಕ್ಕೆ ಗೋಡೆಯ ಗಡಿಯಾರ ತಾನಾಗಿ ಸರಿಹೋಗುವುದಿಲ್ಲ. ನಾವು ಮಾಡಬಹುದಾದ ಸಣ್ಣ ಕೆಲಸಗಳಿವೆ. ಎನ್‌ಪಿಎಲ್ ಜಾಲತಾಣದಲ್ಲಿ ಭಾರತೀಯ ಕಾಲಮಾನ ತೋರಿಸುವ ಗಡಿಯಾರವಿದೆ, ನಿಮ್ಮ ಫೋನನ್ನು ಅದರ ಪಕ್ಕ ಇಟ್ಟು ಒಮ್ಮೆ ನೋಡಿ. ಆಫೀಸಿನ ಬಯೋಮೆಟ್ರಿಕ್ ಯಂತ್ರ ದಿನಾ ನಿಮ್ಮನ್ನು ಎರಡು ನಿಮಿಷ ಲೇಟ್ ಅನ್ನುತ್ತಿದ್ದರೆ, ಅದರ ಸಮಯ ಎಲ್ಲಿಂದ ಬರುತ್ತದೆ ಅಂತ ಎಚ್‌ಆರ್‌ನವರನ್ನು ಮೇಲ್‌ನಲ್ಲಿ ಕೇಳಿ. ಟೆಂಡರ್, ಅರ್ಜಿ, ಪರೀಕ್ಷೆ ನಡೆಸುವ ಜವಾಬ್ದಾರಿ ನಿಮ್ಮ ಕೈಯಲ್ಲಿದ್ದರೆ ಹಿಂದಿನ ದಿನ ಗಡಿಯಾರ ಸರಿಮಾಡಿಸಿ. ನಮ್ಮ ವಯಸ್ಸಿನವರು ಎಷ್ಟೋ ಜನ ಈಗ ಗೇಟಿನ ಒಳಗಡೆ ಕೂರುವ ಕೆಲಸದಲ್ಲೇ ಇದ್ದೇವಲ್ಲ.

ಸಮಯ ಮುಗೀತು ಅಂತ ಯಾರಾದರೂ ಬಾಗಿಲು ಹಾಕಿದರೆ ಜಗಳ ಬೇಡ, ಕೂಗಾಟ ಬೇಡ. "ಯಾವ ಗಡಿಯಾರದ ಪ್ರಕಾರ ಸಾರ್?" ಅಂತ ಮೆತ್ತಗೆ ಕೇಳಿ. ಫೋನಿನ ಸಮಯದ ಜೊತೆಗೆ ಆ ಗಡಿಯಾರವೂ ಕಾಣುವ ಹಾಗೆ ಒಂದು ಫೋಟೊ ತೆಗೆದುಕೊಳ್ಳಿ. ಅಂಗಡಿಯ ತಕ್ಕಡಿ ಗಿರಾಕಿಗೆ ಕಾಣುವ ಹಾಗೆ ಇರಬೇಕು ಅಂತ ನಾವು ಎಂದೋ ಒಪ್ಪಿಕೊಂಡಿದ್ದೇವೆ. ಗೇಟಿನ ಗಡಿಯಾರವೂ ಹೊರಗೆ ನಿಂತವರಿಗೆ ಕಾಣುವ ಕಡೆ ನೇತಾಡಲಿ.